ತಗಡು ಕತ್ತರಿಸಿ ರೈಲು ಕಟ್ಟಿದ ಲೆಕ್ಕಿಗ

ಉದ್ಯಮಗಳ ಚರಿತ್ರೆಯನ್ನು ಓದಿದವರಿಗೆ ಬಂಡವಾಳ, ಭೂಮಿ, ಶ್ರಮ, ಸಾಹಸ ಎಂಬ ನಾಲ್ಕು ಉತ್ಪಾದನಾಂಗಗಳ ಪರಿಚಯವಿರುತ್ತದೆ. ತಂದೆಯೊಬ್ಬ ಮಕ್ಕಳ ಜೊತೆ ಕಳೆದ ಸಂಜೆಯ ಹೊತ್ತು ಈ ಪಟ್ಟಿಯಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಆದರೆ ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಫ್ರಾಂಕ್ ಹಾರ್ನ್‌ಬಿಯ ಜೀವನವನ್ನು ನೋಡಿದರೆ, ಜಗತ್ತಿನ ಮಕ್ಕಳ ಕೈಗೆ ಆಟಿಕೆ ರೈಲನ್ನು ಕೊಟ್ಟ ಒಂದು ದೊಡ್ಡ ಕಾರ್ಖಾನೆಯ ಮೂಲ ಬಂಡವಾಳ ಅದೇ ಆಗಿತ್ತೆಂದು ಹೇಳಬೇಕಾಗುತ್ತದೆ. ಆತ ತೀರಿಕೊಂಡು ಒಂಬತ್ತು ದಶಕಗಳಾಗುತ್ತ ಬಂದಿವೆ. ಆಟಿಕೆ ರೈಲುಗಳ ಪೆಟ್ಟಿಗೆಯ ಮೇಲೆ ಆತನ ಹೆಸರು ಇಂದಿಗೂ ಉಳಿದಿದೆ. ಆ ಹೆಸರಿನ ಹಿಂದಿದ್ದ ಮನುಷ್ಯನನ್ನು ಮಾತ್ರ ನಾವು ಬಹುಮಟ್ಟಿಗೆ ಮರೆತಿದ್ದೇವೆ.

ಹಾರ್ನ್‌ಬಿ ಹುಟ್ಟಿದ್ದು 1863ರ ಮೇ 15ರಂದು. ಜಗತ್ತಿನ ಎರಡು ದೊಡ್ಡ ನಗರಗಳನ್ನು ಉಗಿಯಂತ್ರದಿಂದಲೇ ಬೆಸೆದ ಮೊದಲ ರೈಲುಮಾರ್ಗ, ಲಿವರ್‌ಪೂಲ್-ಮ್ಯಾಂಚೆಸ್ಟರ್ ಮಾರ್ಗ, 1830ರಲ್ಲಿಯೇ ಆರಂಭವಾಗಿತ್ತು. ಮುಂಬಯಿ-ಠಾಣೆ ನಡುವೆ ನಮ್ಮ ದೇಶದ ಮೊದಲ ಪ್ರಯಾಣಿಕ ರೈಲು ಓಡಿ ಆಗ ಹತ್ತು ವರ್ಷಗಳಾಗಿದ್ದವು. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದರಾಸಿನಿಂದ ಬಂದ ಮದ್ರಾಸ್ ರೈಲ್ವೆಯೂ ನಿಜಾಮ ಸಂಸ್ಥಾನದ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಲಿವರ್‌ಪೂಲಿನ ಆ ಬಾಲಕನಿಗೆ ಆಗ ಎಂಟು ವರ್ಷ. ರಾಯಚೂರಿನ ಹೆಸರನ್ನು ಆತ ಕೇಳಿರಲಾರ. ಆದರೂ ರೈಲೆಂಬ ಹೊಸ ಬೆರಗು ಭೂಮಿಯ ಎರಡು ಕಡೆ ಒಂದೇ ಕಾಲದಲ್ಲಿ ಬೆಳೆಯುತ್ತಿತ್ತು. ಅದನ್ನು ಮನೆಯೊಳಗೆ ತರುವ ಕೆಲಸ ಇನ್ನೂ ಬಾಕಿ ಇತ್ತು.

ತಂದೆ ದಿನಸಿ ಪದಾರ್ಥಗಳ ವ್ಯಾಪಾರಿ. ಮಗ ಹದಿನಾರರ ವಯಸ್ಸಿಗೆ ಶಾಲೆ ಬಿಟ್ಟು ತಂದೆಯ ಅಂಗಡಿಯಲ್ಲಿ ಗಲ್ಲೆಯ ಲೆಕ್ಕ ನೋಡತೊಡಗಿದ. ಎಂಜಿನಿಯರಿಂಗ್ ಕಲಿತವನಲ್ಲ, ಕಮ್ಮಾರಿಕೆಯೂ ಕುಲಕಸುಬಲ್ಲ. ಸ್ವಪ್ರಯತ್ನದಿಂದ ಮೇಲೆ ಬಂದವರ ಕಥೆಗಳನ್ನು ಹೇಳುವ ಸ್ಯಾಮ್ಯುಯೆಲ್ ಸ್ಮೈಲ್ಸ್‌ನ ಪುಸ್ತಕ ಆ ಕಾಲದ ಅನೇಕ ಯುವಕರಂತೆ ಆತನನ್ನೂ ಹಿಡಿದಿಟ್ಟಿತ್ತು. 1887ರಲ್ಲಿ ಕ್ಲಾರಾ ಎಂಬ ಶಾಲಾ ಶಿಕ್ಷಕಿಯನ್ನು ಮದುವೆಯಾದ. ರೋಲಂಡ್ ಮತ್ತು ಡಗ್ಲಸ್ ಎಂಬ ಇಬ್ಬರು ಗಂಡುಮಕ್ಕಳಾದರು. 1899ರಲ್ಲಿ ತಂದೆ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿತು. ಹಾರ್ನ್‌ಬಿ, ಡೇವಿಡ್ ಎಲಿಯಟ್ ಎಂಬ ಮಾಂಸ ಆಮದು ವ್ಯಾಪಾರಿಯ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ. ಮೂವತ್ತಾರರ ವಯಸ್ಸಿನಲ್ಲಿ, ಸಂಸಾರಸ್ಥನಾಗಿ, ಇನ್ನೊಬ್ಬರ ಕಚೇರಿಯ ಖಾತೆ-ಕಿರ್ದಿಗಳ ಮುಂದೆ ಕುಳಿತ ಮನುಷ್ಯನಿಂದ ಲೋಕ ಹೆಚ್ಚೇನನ್ನೂ ನಿರೀಕ್ಷಿಸುವುದಿಲ್ಲ.

ಆದರೆ ಕಚೇರಿ ಮುಗಿದ ಮೇಲಿನ ಹೊತ್ತು ಆತನದೇ ಆಗಿತ್ತು. ಮನೆಯಲ್ಲಿ ಮಕ್ಕಳಿಗಾಗಿ ತಗಡಿನ ಹಾಳೆಗಳನ್ನು ಕತ್ತರಿಸಿ ಸೇತುವೆ, ಬಂಡಿ, ಕ್ರೇನುಗಳನ್ನು ಮಾಡಿಕೊಡುತ್ತಿದ್ದ. ಒಂದು ಸೇತುವೆಗೆ ಕತ್ತರಿಸಿದ ತುಂಡು ಆ ಸೇತುವೆಗೆ ಮಾತ್ರ ಸಲ್ಲುತ್ತಿತ್ತು. ಆಟ ಹಳತಾದ ಮೇಲೆ ತಗಡು ದಂಡ. ಪ್ರತಿ ಸಲವೂ ಹೊಸ ತುಂಡು, ಹೊಸ ಶ್ರಮ. ಲೆಕ್ಕಿಗನಿಗೆ ಈ ಅಪವ್ಯಯ ಕಣ್ಣಿಗೆ ಬಿದ್ದದ್ದು ಸಹಜ. ಒಮ್ಮೆ ರೈಲು ಪ್ರಯಾಣದಲ್ಲಿ ಇದೇ ಯೋಚನೆಯಲ್ಲಿದ್ದಾಗ ಪರಿಹಾರ ಹೊಳೆಯಿತೆಂದು ಆತನೇ ಮುಂದೆ ಹೇಳಿಕೊಂಡಿದ್ದಾನೆ. ಎಲ್ಲ ಪಟ್ಟಿಗಳ ಅಗಲವೂ ಅರ್ಧ ಇಂಚು, ಅವುಗಳಲ್ಲಿನ ರಂಧ್ರಗಳ ನಡುವಿನ ಅಂತರವೂ ಅರ್ಧ ಇಂಚು. ಹೀಗೆ ಮಾಡಿದರೆ ಯಾವ ಪಟ್ಟಿಯನ್ನು ಯಾವುದಕ್ಕಾದರೂ ನಟ್ಟು-ಬೋಲ್ಟು ಹಾಕಿ ಬಿಗಿಯಬಹುದು. ಅದೇ ರಂಧ್ರಗಳಲ್ಲಿ ಸರಳು ತೂರಿಸಿ ಗಾಲಿ, ರಾಟೆ, ಹಲ್ಲುಗಾಲಿಗಳನ್ನು ತಿರುಗಿಸಬಹುದು. ಇಂದು ಕ್ರೇನ್ ಆದದ್ದು ನಾಳೆ ಬಿಚ್ಚಿಕೊಂಡು ಸೇತುವೆಯಾಗುತ್ತದೆ, ನಾಡಿದ್ದು ಗಾಡಿಯಾಗುತ್ತದೆ. ಉದ್ಯಮ ಶಾಸ್ತ್ರದಲ್ಲಿ ಬಿಡಿಭಾಗಗಳ ಪರಸ್ಪರ ಬದಲಾವಣೆ ಎಂದು ಕರೆಯುವ ತತ್ವವನ್ನು, ಯಾವ ಶಾಸ್ತ್ರವನ್ನೂ ಓದದ ಒಬ್ಬ ತಂದೆ ಮನೆಯ ಮೇಜಿನ ಮೇಲೆ ಕಂಡುಕೊಂಡಿದ್ದ.

ಪೇಟೆಂಟ್ ಪಡೆಯಲು ಕೈಯಲ್ಲಿ ಹಣವಿರಲಿಲ್ಲ. ಮಾಲೀಕ ಎಲಿಯಟ್ 5 ಪೌಂಡ್ ಸಾಲ ಕೊಟ್ಟ. 1901ರ ಜನವರಿಯಲ್ಲಿ ಪೇಟೆಂಟ್ ಅರ್ಜಿ ದಾಖಲಾಯಿತು. ಮಾಂಸದ ವ್ಯಾಪಾರಿಯೇ ಆಟಿಕೆಯ ಪಾಲುದಾರನಾದ. 1902ರಲ್ಲಿ ಯಂತ್ರಶಾಸ್ತ್ರವನ್ನು ಸುಲಭಗೊಳಿಸುವುದೆಂಬ ಅರ್ಥದ ಹೆಸರಿನಿಂದ ಮೊದಲ ಪೆಟ್ಟಿಗೆಗಳು ಮಾರಾಟಕ್ಕೆ ಬಂದವು. ಲಿವರ್‌ಪೂಲ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪ್ರಾಧ್ಯಾಪಕ ಹೀಲ್-ಶಾ ಅವರು ಇದರ ಶೈಕ್ಷಣಿಕ ಮೌಲ್ಯವನ್ನು ಗುರುತಿಸಿ ಬೆಂಬಲಿಸಿದ್ದು ದೊಡ್ಡ ಆಸರೆಯಾಯಿತು. ಆದರೂ ವ್ಯಾಪಾರ ಕೂಡಲೇ ಕೈಹಿಡಿಯಲಿಲ್ಲ. 1903ರ ವೇಳೆಗೆ ಸುಮಾರು 1,500 ಪೆಟ್ಟಿಗೆಗಳು ಮಾರಾಟವಾಗಿದ್ದವು. ಲಾಭ ಮಾತ್ರ ಇರಲಿಲ್ಲ. ಅಲ್ಪ ಲಾಭದ ಮುಖ ಕಂಡದ್ದು 1906ರಲ್ಲಿ. ಈ ಐದು ವರ್ಷ ಆತ ಹಗಲು ಲೆಕ್ಕ ಬರೆದು, ರಾತ್ರಿ ಆಟಿಕೆ ಮಾಡಿ ಕಾದ. ಸಣ್ಣ ಸಾಲ, ನಂಬುವ ಒಬ್ಬ ಮಾಲೀಕ, ಕಾಯುವ ಸೈರಣೆ: ಈ ಮೂರೂ ಒಟ್ಟಿಗೆ ದೊರೆಯದೆ ನಮ್ಮ ಜಿಲ್ಲೆಗಳಲ್ಲಿ ಎಷ್ಟು ಕುಶಲಕರ್ಮಿಗಳ ಕಲ್ಪನೆಗಳು ಮನೆಯಲ್ಲಿಯೇ ಕಮರಿಹೋಗಿವೆಯೆಂಬುದನ್ನು ಕಂದಾಯ ಇಲಾಖೆಯಲ್ಲಿ ದುಡಿದ ನನ್ನಂಥವರು ಕಂಡಿದ್ದೇವೆ.

1907ರಲ್ಲಿ ಆತ ನೌಕರಿ ಬಿಟ್ಟು ಲಿವರ್‌ಪೂಲಿನಲ್ಲಿ ಸಣ್ಣ ಕಾರ್ಯಾಗಾರ ತೆರೆದ. ಅದೇ ವರ್ಷ ಮೆಕ್ಯಾನೊ ಎಂಬ ಹೆಸರನ್ನು ನೋಂದಾಯಿಸಿದ. 1908ರಲ್ಲಿ ಮೆಕ್ಯಾನೊ ಲಿಮಿಟೆಡ್ ಸ್ಥಾಪನೆಯಾಯಿತು. ಎಲಿಯಟ್ ಪಾಲುದಾರಿಕೆಯಿಂದ ಹೊರನಡೆದ. 1914ರಲ್ಲಿ ಬಿನ್ಸ್ ರಸ್ತೆಯ ದೊಡ್ಡ ಕಾರ್ಖಾನೆ ಎದ್ದಿತು. ಹಾರ್ನ್‌ಬಿಯ ವ್ಯಾಪಾರ ಜಾಣ್ಮೆ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ. ಪೆಟ್ಟಿಗೆಗಳಿಗೆ ಕ್ರಮಸಂಖ್ಯೆಯಿತ್ತು. ಒಂದನೆಯ ಪೆಟ್ಟಿಗೆಯಿದ್ದವರು ಸಣ್ಣದೊಂದು ಪೂರಕ ಪೆಟ್ಟಿಗೆ ಕೊಂಡರೆ ಅದು ಎರಡನೆಯದಾಗುತ್ತಿತ್ತು, ಇನ್ನೊಂದು ಕೊಂಡರೆ ಮೂರನೆಯದು. ಒಮ್ಮೆಗೆ ಎಲ್ಲವನ್ನೂ ಕೊಳ್ಳಲಾಗದ ಗುಮಾಸ್ತನ ಮನೆಗೂ ವರ್ಷಕ್ಕೊಂದು ಹೆಜ್ಜೆ ಹಾಕುವ ದಾರಿಯಿತ್ತು. ಕಂಪನಿಗಾದರೋ ಅದೇ ಗಿರಾಕಿ ವರ್ಷ ವರ್ಷವೂ ಮರಳಿ ಬರುತ್ತಿದ್ದ.

ರೈಲಿನ ಕಥೆ ಇಲ್ಲಿಂದ ಮುಂದೆ. ಮೊದಲ ಮಹಾಯುದ್ಧಕ್ಕೆ ಮುನ್ನ ಯುರೋಪಿನ ಆಟಿಕೆ ರೈಲುಗಳೆಂದರೆ ಮುಖ್ಯವಾಗಿ ಜರ್ಮನಿಯವು. ಮಾರ್ಕ್ಲಿನ್ ಸಂಸ್ಥೆ 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ನಿಗದಿತ ಅಳತೆಯ ಹಳಿಗಳ ವ್ಯವಸ್ಥೆಯನ್ನು ಪ್ರದರ್ಶಿಸಿ, ಹಳಿಯ ತುಂಡುಗಳನ್ನು ಸೇರಿಸುತ್ತ ಮಾರ್ಗವನ್ನು ಬೆಳೆಸಬಹುದೆಂದು ತೋರಿಸಿತ್ತು. ಯುದ್ಧ ಬಂದು ಜರ್ಮನಿಯ ಸರಕು ಬ್ರಿಟನ್ನಿಗೆ ನಿಂತುಹೋಯಿತು. ಯುದ್ಧ ಮುಗಿದ ಮೇಲೆ, 1920ರಲ್ಲಿ, ಹಾರ್ನ್‌ಬಿ ತನ್ನದೇ ರೈಲನ್ನು ಮಾರುಕಟ್ಟೆಗೆ ತಂದ. ಹಳಿಗಳ ನಡುವೆ 32 ಮಿಲಿಮೀಟರ್ ಅಂತರ, ಒಳಗೆ ಉಕ್ಕಿನ ಸ್ಪ್ರಿಂಗ್, ಕೀಲಿ ಕೊಟ್ಟರೆ ಓಡುವ ಎಂಜಿನ್. ವಿಶೇಷವೆಂದರೆ ಆ ಮೊದಲ ರೈಲನ್ನೂ ಮೆಕ್ಯಾನೊದಂತೆಯೇ ನಟ್ಟು-ಬೋಲ್ಟುಗಳಿಂದ ಬಿಚ್ಚಿ ಜೋಡಿಸಬಹುದಾಗಿತ್ತು. ಓಡುವ ವಸ್ತುವನ್ನು ಕೊಟ್ಟರೆ ಸಾಲದು, ಅದು ಹೇಗೆ ಓಡುತ್ತದೆಂಬುದನ್ನು ಮಗು ಬಿಚ್ಚಿ ನೋಡಬೇಕೆಂಬ ಹಳೆಯ ಹಟ ಅದರಲ್ಲಿ ಉಳಿದಿತ್ತು.

ಮುಂದಿನ ಹದಿನೈದು ವರ್ಷ ಈ ಪುಟ್ಟ ರೈಲ್ವೆ ಬೆಳೆಯುತ್ತ ಹೋಯಿತು. ನಿಲ್ದಾಣ, ಸಿಗ್ನಲ್ ಕಂಬ, ಸುರಂಗ, ಸರಕು ಬೋಗಿ, ಪ್ಲಾಟ್‌ಫಾರಂ ಮೇಲಿನ ಪುಟಾಣಿ ಪ್ರಯಾಣಿಕರು ಒಂದೊಂದಾಗಿ ಬಂದರು. 1925ರಲ್ಲಿ ವಿದ್ಯುತ್ ರೈಲು ಬಂತು. ಮನೆಯ ದೀಪಕ್ಕೆ ಬರುವ ಅಧಿಕ ವೋಲ್ಟೇಜಿನಲ್ಲಿಯೇ ಅದು ಓಡುತ್ತಿದ್ದುದರಿಂದ ಅಪಾಯ ಸ್ಪಷ್ಟವಾಗಿತ್ತು; ಅದನ್ನು ಕೈಬಿಟ್ಟು ಮುಂದೆ ಕಡಿಮೆ ವೋಲ್ಟೇಜಿನ ಮಾದರಿಗಳನ್ನು ತಂದರು. 1916ರಲ್ಲಿಯೇ ಆರಂಭವಾಗಿದ್ದ ಮೆಕ್ಯಾನೊ ಮ್ಯಾಗಜೀನ್ ಮಕ್ಕಳಿಗೆ ನಿಜವಾದ ಸೇತುವೆ, ಹಡಗು, ರೈಲುಗಳ ವಿಷಯ ತಿಳಿಸುತ್ತಿತ್ತು. 1928ರಲ್ಲಿ ಹಾರ್ನ್‌ಬಿ ರೈಲ್ವೆ ಕಂಪನಿ ಎಂಬ ಹೆಸರಿನಲ್ಲಿ ಮಕ್ಕಳದೇ ಒಂದು ಸಂಘವೂ ಹುಟ್ಟಿತು. ಆಡುವ ಮಗುವೇ ರೈಲ್ವೆಯ ಅಧಿಕಾರಿ, ಮನೆಯ ನಡುಕೋಣೆಯೇ ರೈಲ್ವೆಯ ವಲಯ.

ಈ ಆಟದಲ್ಲಿ ದೊಡ್ಡವರಿಗೆ ಸ್ಥಾನವಿದ್ದುದು ಅದರ ಗುಣ. ಹಳಿಯ ಸಂದು ಸಡಿಲವಾದರೆ ಬೋಗಿ ಹಳಿ ತಪ್ಪುತ್ತದೆ. ತಿರುವು ಬಿಗಿಯಾದರೆ ವೇಗದ ಎಂಜಿನ್ ಮಗುಚುತ್ತದೆ. ಎರಡು ರೈಲುಗಳಿದ್ದರೆ ವೇಳಾಪಟ್ಟಿ ಬೇಕು, ಸಿಗ್ನಲ್ ನೋಡಿಕೊಳ್ಳಲು ಒಬ್ಬರು ಬೇಕು, ಪಾಯಿಂಟ್ ಬದಲಿಸಲು ಇನ್ನೊಬ್ಬರು. ಒಂಟಿಯಾಗಿ ಆಡಿದರೆ ರೈಲು ಬರಿದೆ ಸುತ್ತು ಹೊಡೆಯುತ್ತದೆ. ನಾಲ್ಕು ಜನ ಕೂಡಿದಾಗ ಅದು ರೈಲ್ವೆಯಾಗುತ್ತದೆ. ಅಪ್ಪ ಅಂಗಳದಲ್ಲಿ ಮಂಡಿಯೂರಿ, ಅವ್ವ ಹಳೆಯ ಸೀರೆಯ ತುಂಡಿನಿಂದ ಗುಡ್ಡ ಮಾಡಿ, ಅಣ್ಣ-ತಂಗಿ ಜಗಳವಾಡುತ್ತ ನಡೆಸುವ ಸಂಸಾರವೇ ಅದು.

ಅಣ್ಣ-ತಂಗಿ ಎಂದೆ. ಇಲ್ಲಿಯೇ ಹಾರ್ನ್‌ಬಿಯ ಮತ್ತು ಆತನ ಕಾಲದ ಒಂದು ಕುರುಡನ್ನೂ ಹೇಳಬೇಕು. ಆ ಕಂಪನಿಯ ಜಾಹೀರಾತುಗಳು, ಪತ್ರಿಕೆ, ಕೈಪಿಡಿಗಳು ಹುಡುಗರನ್ನೇ ಉದ್ದೇಶಿಸಿದ್ದವು. ನಟ್ಟು ಬಿಗಿಯುವುದು ಗಂಡುಮಕ್ಕಳ ಕೆಲಸವೆಂದು ಯಾರೂ ಪ್ರಶ್ನಿಸದೆ ಒಪ್ಪಿದ್ದ ಕಾಲ ಅದು. ಯಂತ್ರವನ್ನು ಬಿಚ್ಚಿ ನೋಡುವ ಹಕ್ಕು ಬಾಲ್ಯದಲ್ಲಿ ಯಾರಿಗೆ ದೊರೆಯುತ್ತದೋ ಅವರೇ ಮುಂದೆ ಎಂಜಿನಿಯರುಗಳಾಗುತ್ತಾರೆ. ಆಟಿಕೆಯ ಪೆಟ್ಟಿಗೆಯಿಂದಲೇ ಅವಕಾಶದ ಅಸಮಾನತೆ ಆರಂಭವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಹಾರ್ನ್‌ಬಿ 1931ರಲ್ಲಿ ಲಿವರ್‌ಪೂಲಿನ ಎವರ್ಟನ್ ಕ್ಷೇತ್ರದಿಂದ ಕನ್ಸರ್ವೇಟಿವ್ ಪಕ್ಷದ ಅಭ್ಯರ್ಥಿಯಾಗಿ ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾದ. 1935ರವರೆಗೆ ಸದಸ್ಯನಾಗಿದ್ದ. ಆ ಅವಧಿ ಆತನ ಜೀವನದ ಮುಖ್ಯ ಭಾಗವೇನೂ ಅಲ್ಲ. ಅದಕ್ಕಿಂತ ದೊಡ್ಡ ಸಂಗತಿಗಳು ಆತನ ಆಟಿಕೆಗಳಿಂದ ಆಗುತ್ತಿದ್ದವು. ಆಟಿಕೆ ರೈಲಿನ ಪಕ್ಕದ ರಸ್ತೆಗೆ ಇರಲೆಂದು ಮಾಡಿದ ಪುಟ್ಟ ಮೋಟಾರುಗಳು 1934ರಲ್ಲಿ ಡಿಂಕಿ ಹೆಸರು ಪಡೆದು ಸ್ವತಂತ್ರ ಆಟಿಕೆಗಳಾಗಿ ಜನಪ್ರಿಯವಾದವು. ಅದೇ ವರ್ಷ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಡಗ್ಲಸ್ ಹಾರ್ಟ್‌ರೀ ಮತ್ತು ಆರ್ಥರ್ ಪೋರ್ಟರ್ ಎಂಬ ವಿಜ್ಞಾನಿಗಳು ಮೆಕ್ಯಾನೊ ಬಿಡಿಭಾಗಗಳಿಂದಲೇ ಕ್ಲಿಷ್ಟ ಸಮೀಕರಣಗಳನ್ನು ಬಿಡಿಸುವ ಗಣಕಯಂತ್ರವೊಂದನ್ನು ಕಟ್ಟಿದರು. ಇಬ್ಬರು ಹುಡುಗರಿಗಾಗಿ ರಂಧ್ರ ಕೊರೆದ ಪಟ್ಟಿ ವಿಜ್ಞಾನದ ಪ್ರಯೋಗಶಾಲೆಯನ್ನು ಮುಟ್ಟಿತ್ತು. ಹಾರ್ನ್‌ಬಿ 1936ರ ಸೆಪ್ಟೆಂಬರ್ 21ರಂದು ತೀರಿಕೊಂಡ. ಒಂದು ಕಾಲದಲ್ಲಿ ತಗಡಿನ ಸೇತುವೆಗಾಗಿ ಕಾದು ಕುಳಿತಿದ್ದ ರೋಲಂಡ್ ಕಂಪನಿಯ ಅಧ್ಯಕ್ಷನಾದ.

ತಂದೆ ಹೋದ ಎರಡು ವರ್ಷಕ್ಕೆ, 1938ರಲ್ಲಿ, ಇನ್ನೂ ಚಿಕ್ಕದಾದ ಡಬ್ಲೊ ರೈಲುಗಳು ಬಂದವು. ಹಳಿಯ ಅಂತರ 16.5 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜ್ ಹಳಿಯ ಅಂತರ 1,676 ಮಿಲಿಮೀಟರ್ ಎಂಬುದನ್ನು ನೆನೆದರೆ ಈ ಕುಗ್ಗಿಸುವಿಕೆಯ ಅಂದಾಜಾಗುತ್ತದೆ. ಸಣ್ಣ ಮನೆಯ ಮೇಜಿನ ಮೇಲೂ ಈಗ ಒಂದು ಮಾರ್ಗ ಹಿಡಿಸಬಹುದಾಗಿತ್ತು. ಎರಡನೆಯ ಮಹಾಯುದ್ಧ ಕಳೆದು, ಪ್ಲಾಸ್ಟಿಕ್ ಬಂದು, ಪೈಪೋಟಿ ಹೆಚ್ಚಿ, 1964ರಲ್ಲಿ ಕಂಪನಿ ಪ್ರತಿಸ್ಪರ್ಧಿಯ ಕೈಸೇರಿತು. 1979ರ ನವೆಂಬರಿನಲ್ಲಿ ಬಿನ್ಸ್ ರಸ್ತೆಯ ಕಾರ್ಖಾನೆ ಮುಚ್ಚಿ ನೂರಾರು ಕಾರ್ಮಿಕರು ಕೆಲಸ ಕಳೆದುಕೊಂಡರು. ಹಾರ್ನ್‌ಬಿ ಹೆಸರು ಬೇರೆ ಒಡೆತನದಲ್ಲಿ ಉಳಿಯಿತು. ತಯಾರಿಕೆ 1990ರ ದಶಕದಲ್ಲಿ ಚೀನಾಕ್ಕೆ ಹೋಯಿತು. ಇಂದಿನ ಮಾದರಿಗಳು ನಿಜವಾದ ರೈಲಿನ ತದ್ರೂಪ. ಬೆಲೆಯೂ ಹಾಗೆಯೇ. ಕೊಳ್ಳುವವರಲ್ಲಿ ಮಕ್ಕಳಿಗಿಂತ ವಯಸ್ಕ ಸಂಗ್ರಾಹಕರೇ ಹೆಚ್ಚು. ಗಾಜಿನ ಕಪಾಟಿನಲ್ಲಿ ನಿಂತ ರೈಲಿಗೆ ಧೂಳು ಕೂಡುವುದಿಲ್ಲ, ಆದರೆ ಅದು ಎಲ್ಲಿಗೂ ಹೋಗುವುದೂ ಇಲ್ಲ.

ಈ ಜೀವನಕಥೆ ಕೃಷ್ಣಾ-ತುಂಗಭದ್ರೆಯರ ನಡುವಿನ ನಮ್ಮ ದೋಆಬಿಗೆ ಏಕೆ ಬೇಕು ಎಂದು ಯಾರಾದರೂ ಕೇಳಬಹುದು. ರಾಯಚೂರು ನಗರಕ್ಕೆ ರೈಲು ಬಂದು ಒಂದೂವರೆ ಶತಮಾನ ಮೀರಿತು. ಶಕ್ತಿನಗರದ ಶಾಖೋತ್ಪನ್ನ ಕೇಂದ್ರಕ್ಕೆ ಕಲ್ಲಿದ್ದಲು ಹೊತ್ತು ಸಾಗುವ ಉದ್ದುದ್ದ ಗೂಡ್ಸ್ ಗಾಡಿಗಳ ಡಬ್ಬಿಗಳನ್ನು ಎಣಿಸುವುದು ಇಲ್ಲಿಯ ಮಕ್ಕಳಿಗೆ ನಿತ್ಯದ ಗಣಿತ. ಅದೇ ಜಿಲ್ಲೆಯ ದೇವದುರ್ಗ ಪಟ್ಟಣಕ್ಕೆ ಇಂದಿಗೂ ರೈಲು ನಿಲ್ದಾಣವಿಲ್ಲ. 1997-98ರಲ್ಲಿ ಮಂಜೂರಾದ ಮುನಿರಾಬಾದ್-ಮಹಬೂಬನಗರ ಮಾರ್ಗ ಸಿಂಧನೂರನ್ನು ಮುಟ್ಟಿದ್ದು 2024ರಲ್ಲಿ. ಮಾನ್ವಿ ಆ ಮಾರ್ಗದ ಮುಂದಿನ ಭಾಗದಲ್ಲಿದೆ. ದೇವದುರ್ಗದಲ್ಲಿ ಬೆಳೆದು, ಮಾನ್ವಿಯಲ್ಲಿ ಸೇವೆ ಸಲ್ಲಿಸಿ, ರಾಯಚೂರಿನಲ್ಲಿ ನಿವೃತ್ತಿ ಜೀವನ ನಡೆಸುತ್ತಿರುವ ನನಗೆ ಈ ಮೂರು ಊರುಗಳ ನಡುವಿನ ಅಂತರವನ್ನು ಕಿಲೋಮೀಟರುಗಳಲ್ಲಿ ಅಳೆಯುವುದು ಸಾಧ್ಯವಾಗುವುದಿಲ್ಲ.

ರೈಲಿಲ್ಲದ ಊರಿನ ಮಕ್ಕಳೂ ರೈಲಾಟ ಆಡುತ್ತಾರೆ. ನಮ್ಮ ಬಾಲ್ಯದಲ್ಲಿ ಬೆಂಕಿಪೊಟ್ಟಣಗಳನ್ನು ದಾರದಿಂದ ಪೋಣಿಸಿ ಎಳೆಯುತ್ತಿದ್ದೆವು. ಜೋಳದ ದಂಟಿನ ಸಿಪ್ಪೆ ಸುಲಿದು, ಒಳಗಿನ ಬೆಂಡಿಗೆ ಸಿಬಿರು ಚುಚ್ಚಿ ಬಂಡಿ ಕಟ್ಟುವುದನ್ನು ಹೊಲದಿಂದ ಬಂದ ಹಿರಿಯರು ಕಲಿಸುತ್ತಿದ್ದರು. ಅದೂ ಹಾರ್ನ್‌ಬಿಯ ತತ್ವವೇ: ಬೆಂಡೇ ಪಟ್ಟಿ, ಸಿಬಿರೇ ಬೋಲ್ಟು. ಮಣ್ಣೆತ್ತಿನ ಅಮಾವಾಸ್ಯೆಯಂದು ಮನೆಮಂದಿಯೆಲ್ಲ ಕುಳಿತು ಕರಿಮಣ್ಣಿನ ಎತ್ತು ಮಾಡುವ ಪದ್ಧತಿ ಈ ಸೀಮೆಯಲ್ಲಿ ಇನ್ನೂ ಉಳಿದಿದೆ. ದೊಡ್ಡವರೂ ಚಿಕ್ಕವರೂ ಕೂಡಿ ಆಟಿಕೆ ಮಾಡುವುದನ್ನು ಹಬ್ಬವಾಗಿಸಿಕೊಂಡ ಸಂಸ್ಕೃತಿಗೆ ಲಿವರ್‌ಪೂಲಿನ ಆ ಸಂಜೆಗಳು ಪರಕೀಯವೆನಿಸಬೇಕಿಲ್ಲ.

ಇಂದು ನನ್ನ ಮನೆಯ ಪಡಸಾಲೆಯಲ್ಲಿ ಮೊಮ್ಮಗಳದೊಂದು ರೈಲುಮಾರ್ಗವಿದೆ. ಬ್ಯಾಟರಿಯಿಂದ ಓಡುವ ಸಾಮಾನ್ಯ ಪ್ಲಾಸ್ಟಿಕ್ ರೈಲು, ಬೆಲೆಬಾಳುವ ಮಾದರಿಯಲ್ಲ. ಕೃಷ್ಣಾ ನದಿಯ ಸೇತುವೆಯನ್ನು ರಟ್ಟಿನ ಡಬ್ಬಿಯಿಂದ ಅವಳ ಅಜ್ಜಿ ಮಾಡಿದ್ದಾಳೆ. ನಿಲ್ದಾಣಗಳ ಫಲಕ ಬರೆದವಳು ಮೊಮ್ಮಗಳು. ರಾಯಚೂರು ಬಿಟ್ಟರೆ ಮಾನ್ವಿ, ಮಾನ್ವಿ ಬಿಟ್ಟರೆ ದೇವದುರ್ಗ. ದೇವದುರ್ಗಕ್ಕೆ ರೈಲು ಹೋಗುವುದಿಲ್ಲವೆಂದು ಅವಳಪ್ಪ ತಿದ್ದಲು ಹೋದಾಗ, ಹಳಿ ಹಾಕಿದರೆ ಹೋಗುತ್ತದೆ ಎಂಬ ಭಾವದಲ್ಲಿ ಅವಳು ಇನ್ನೆರಡು ತುಂಡು ಜೋಡಿಸಿದಳು. ಯೋಜನಾ ವರದಿಗಳನ್ನು ಓದುತ್ತಲೇ ತಲೆ ನರೆತ ನನಗೆ ಅದಕ್ಕೆ ಉತ್ತರ ಹೊಳೆಯಲಿಲ್ಲ.

ಆಟಿಕೆಗಳ ವಿಷಯದಲ್ಲಿ ಸರ್ಕಾರವೂ ಸುಮ್ಮನೆ ಕುಳಿತಿಲ್ಲ. 2020ರಲ್ಲಿ ಆಮದು ಆಟಿಕೆಗಳ ಸುಂಕವನ್ನು ಶೇಕಡ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಲಾಯಿತು. 2021ರ ಜನವರಿಯಿಂದ ಗುಣಮಟ್ಟದ ಪ್ರಮಾಣಪತ್ರ ಕಡ್ಡಾಯವಾಯಿತು. 1997ರವರೆಗೆ ರಾಯಚೂರು ಜಿಲ್ಲೆಯ ಭಾಗವಾಗಿದ್ದ ಕೊಪ್ಪಳದ ಭಾನಾಪುರದಲ್ಲಿ ಆಟಿಕೆ ತಯಾರಿಕಾ ಸಮುಚ್ಚಯಕ್ಕೆ 2021ರಲ್ಲಿ ಶಂಕುಸ್ಥಾಪನೆಯಾಯಿತು. ಅದರ ಸಮೀಪದಲ್ಲಿಯೇ ಕಿನ್ನಾಳದ ಚಿತ್ರಗಾರರು ತಲೆಮಾರುಗಳಿಂದ ಮರದ ಬೊಂಬೆ ಮಾಡುತ್ತ ಬಂದಿದ್ದಾರೆ. ಇವೆಲ್ಲ ಸ್ವಾಗತಾರ್ಹ. ಉದ್ಯೋಗ ಬರಲಿ, ರಫ್ತು ಹೆಚ್ಚಲಿ. ಆದರೆ ಸುಂಕದಿಂದ ಕಾರ್ಖಾನೆಯನ್ನು ಬೆಳೆಸಬಹುದು. ಮಗುವಿನ ಪಕ್ಕದಲ್ಲಿ ನೆಲದ ಮೇಲೆ ಕುಳಿತುಕೊಳ್ಳುವ ಅಪ್ಪನನ್ನು ಯಾವ ನೀತಿಯೂ ಒದಗಿಸಲಾರದು.

ರಾಷ್ಟ್ರೀಯ ವರಮಾನದ ಲೆಕ್ಕದಲ್ಲಿ ಆಟಿಕೆಯ ಮಾರಾಟ ಸೇರುತ್ತದೆ. ಅದರೊಂದಿಗೆ ಕಳೆದ ಸಂಜೆ ಸೇರುವುದಿಲ್ಲ. ಮಗುವಿನ ಕೈಗೆ ಮೊಬೈಲು ಕೊಟ್ಟು ದೊಡ್ಡವರೂ ಇನ್ನೊಂದು ಮೊಬೈಲಿನಲ್ಲಿ ಮುಳುಗಿದ ಮನೆಯಲ್ಲಿ ಕೊಳ್ಳುವ ಶಕ್ತಿ ಇಲ್ಲವೆಂದಲ್ಲ, ಒಟ್ಟಿಗೆ ಕೂಡುವ ಹೊತ್ತಿಲ್ಲ. ಹಾರ್ನ್‌ಬಿಗೂ ಹೊತ್ತು ಹೆಚ್ಚಿಗೆ ಇರಲಿಲ್ಲ. ಇನ್ನೊಬ್ಬರ ಲೆಕ್ಕ ಬರೆದು ದಣಿದು ಬಂದ ಗುಮಾಸ್ತ, ಉಳಿದ ಎರಡು ಗಂಟೆಯನ್ನು ಮಕ್ಕಳ ಖಾತೆಗೆ ಜಮಾ ಮಾಡಿದ. ಉಳಿದದ್ದೆಲ್ಲ, ಬಿನ್ಸ್ ರಸ್ತೆಯ ಕಾರ್ಖಾನೆಯೂ, ಸಂಸತ್ತಿನ ಆಸನವೂ, ಆ ಜಮೆಯ ಮೇಲೆ ಬಂದ ಬಡ್ಡಿ. ಕಾರ್ಖಾನೆ ಮುಚ್ಚಿತು, ಆಸನ ಬೇರೊಬ್ಬರಿಗೆ ಹೋಯಿತು. ಅಸಲು ಮಾತ್ರ ಯಾವ ಊರಿನ ಯಾವ ಮನೆಯಲ್ಲಾದರೂ, ರೈಲು ಬರಲಿ ಬಾರದಿರಲಿ, ಇಂದು ಸಂಜೆಯೇ ಹೂಡಬಹುದಾದದ್ದು.